ಅವ್ವ, ಇನ್ನು ಅಟ್ಟ ಹತ್ತಬೇಡ

ಸ್ಟುಟ್‌ಗಾರ್ಟ್
ಶನಿವಾರ ಬೆಳಿಗ್ಗೆ

ಅವ್ವನಿಗೆ ಮತ್ತು ಅಪ್ಪ ಅವರಿಗೆ ಶರಣು ಶರಣಾರ್ಥಿ.

ನಾನು ಆರಾಮ ಇದ್ದೇನೆ. ಅವ್ವ, ನಿನ್ನ ಪತ್ರ ಮುಟ್ಟಿತು. ನೀನು ಬರೆದದ್ದು ಮೂರೇ ಮಾತು. ನವನಗರದ ಮನೆಗೆ ಸುಣ್ಣ ಬಣ್ಣ ಆಯಿತು, ಸಾಮಾನು ಕಟ್ಟುತ್ತಿದ್ದೇವೆ, ಅಟ್ಟದ ಮೇಲಿನ ನಿನ್ನ ಟ್ರಂಕು ಏನು ಮಾಡಲಿ. ಉಳಿದದ್ದನ್ನೆಲ್ಲ ಅಕ್ಕ ಬರೆದಿದ್ದಾಳೆ. ಅಟ್ಟ ಹತ್ತಿ ಧೂಳು ಝಾಡಿಸಿದ ದಿನ ರಾತ್ರಿಯಿಡೀ ಗೋಡೆಗೆ ಒರಗಿ ಕೂತೇ ಬೆಳಗು ಮಾಡಿದೆಯಂತೆ. ಅಪ್ಪ ಬೆನ್ನು ತಿಕ್ಕುತ್ತಾ ಕೂತಿದ್ದರಂತೆ. ಮರುದಿನ ಚಹಾ ಕುಡಿದು ಮತ್ತೆ ಏಣಿ ಇಟ್ಟೆಯಂತೆ! ಇದಕ್ಕೆ ಏನು ಅನ್ನಬೇಕು ಹೇಳು?

ಫೋನಿನಲ್ಲಿ ಹೇಳಿದರೆ ಹೂಂ ಹೂಂ ಅಂತೀಯ. ಫೋನ್ ಇಟ್ಟ ಮೇಲೆ ನಿನ್ನದೇ ಕಾರುಬಾರು. ಅದಕ್ಕೇ ಕಾಗದದಲ್ಲಿ ಬರೆಯುತ್ತಿದ್ದೇನೆ. ಅಪ್ಪ, ನೀವೇ ಓದಿ ಹೇಳಿ. ಓದಿದ ಮೇಲೆ ಕ್ಯಾಲೆಂಡರಿನ ಮೊಳೆಗೆ ಸಿಗಿಸಿಬಿಡಿ.

ದಮ್ಮು ಇರುವವರು ಇಪ್ಪತ್ತು ವರ್ಷದ ಧೂಳಿನಲ್ಲಿ ಕೈ ಹಾಕಬಾರದು ಅವ್ವ. ಅಲ್ಲಿರುವುದು ಬರೀ ಮಣ್ಣಲ್ಲ. ಹಳೇ ಗಾದಿ, ಕೌದಿ, ದಿಂಬುಗಳಲ್ಲಿ ಕಣ್ಣಿಗೆ ಕಾಣದ ಸಣ್ಣ ಹುಳ ಇರುತ್ತವೆ. ಅವುಗಳ ಹೊಲಸು ಗಾಳಿಯಲ್ಲಿ ಹಾರಿ ಎದೆಗೆ ಹೋದರೆ ಉಸಿರಿನ ಕೊಳವೆ ಬಿಗಿಯುತ್ತದೆ. ಸೆರಗು ಮೂಗಿಗೆ ಕಟ್ಟಿಕೊಂಡಿದ್ದೆ ಅಂತ ನೀನು ಹೇಳುತ್ತೀ, ಗೊತ್ತು. ಅಷ್ಟು ಸಣ್ಣ ಧೂಳನ್ನು ಸೆರಗು ತಡೆಯುವುದಿಲ್ಲ. ಈ ಪತ್ರದ ಜೊತೆ ಮಾಸ್ಕ್ ಕಳಿಸಿದ್ದೇನೆ, ಮೇಲೆ ಎಫ್‌ಎಫ್‌ಪಿ2 ಅಂತ ಬರೆದಿದೆ. ಅದು ಮೂಗಿಗೆ ಬಿಗಿಯಾಗಿ ಕೂರಬೇಕು. ಹಾಗಂತ ಅದನ್ನು ಹಾಕಿಕೊಂಡು ಅಟ್ಟ ಹತ್ತಬೇಡ ಮತ್ತೆ. ಅದು ಪಡಸಾಲೆಯಲ್ಲಿ ಕೂತು ಸೀರೆ ಮಡಚಲಿಕ್ಕೆ. ಅಟ್ಟಕ್ಕೆ ಆಳು ಹಚ್ಚಿ. ಅವರಿಗೆ ಚಹಾ ಕೊಡುವ ನೆಪದಲ್ಲೂ ನೀನು ಒಳಗೆ ಹೋಗಬಾರದು. ಆ ಎರಡು ದಿನ ಗುಳೇದಗುಡ್ಡಕ್ಕೆ, ಅಕ್ಕನ ಮನೆಗೆ ಹೋಗಿರು. ಧೂಳು ಕೂತ ಮೇಲೆ ನೆಲವನ್ನು ಒದ್ದೆ ಅರಿವೆಯಿಂದ ಒರೆಸಲಿ, ಒಣ ಕಸಬರಿಗೆ ಬೇಡವೇ ಬೇಡ. ಕೌದಿಗಳನ್ನು ಕೈ ಸುಡುವಷ್ಟು ಬಿಸಿ ನೀರಿನಲ್ಲಿ ನೆನೆಸಿ ತೊಳೆದು ನಮ್ಮೂರ ಬಿಸಿಲಿಗೆ ಹಾಕಿದರೆ ಹುಳ ಸಾಯುತ್ತವೆ. ಅವನ್ನು ಝಾಡಿಸುವವಳು ನೀನಲ್ಲ, ಅಷ್ಟೇ. ಟ್ರಂಕಿನಲ್ಲಿ ಡಾಂಬರು ಗುಳಿಗೆ ಹಾಕಿದ್ದರೆ ಅದರ ವಾಸನೆಯೂ ನಿನಗೆ ಆಗಿಬರುವುದಿಲ್ಲ. ಹೊರಗೆ ಅಂಗಳದಲ್ಲಿ ತೆರೆಯಲಿ.

ಇನ್ನು ಪಂಪಿನ ವಿಷಯ. ನೀಲಿ ಪಂಪು ದಮ್ಮು ಬಂದಾಗ ತಕ್ಷಣಕ್ಕೆ. ಡಾಕ್ಟರು ದಿನಾ ತಗೋ ಅಂತ ಬರೆದುಕೊಟ್ಟ ಇನ್ನೊಂದು ಪಂಪು ದಮ್ಮು ಬಾರದ ಹಾಗೆ ನೋಡಿಕೊಳ್ಳಲಿಕ್ಕೆ. ನೀನು ಎರಡನೆಯದನ್ನು ಚಟ ಆಗುತ್ತದೆ ಅಂತ ಡಬ್ಬಿಯೊಳಗೆ ಬಚ್ಚಿಟ್ಟಿದ್ದೀ ಅಂತ ಅಕ್ಕ ಹೇಳಿದಳು. ಚಟ ಗಿಟ ಏನೂ ಆಗುವುದಿಲ್ಲ. ಔಷಧ ನೇರ ಎದೆಗೆ ಹೋಗುವುದರಿಂದ ಗುಳಿಗೆಗಿಂತ ಎಷ್ಟೋ ಕಡಿಮೆ ಸಾಕಾಗುತ್ತದೆ. ತಗೊಂಡ ಮೇಲೆ ಬಾಯಿ ಮುಕ್ಕಳಿಸಿ ಉಗುಳು. ನೀಲಿ ಪಂಪು ಮತ್ತೆ ಮತ್ತೆ ಬೇಕಾಗುತ್ತಿದ್ದರೆ ಡಾಕ್ಟರಿಗೆ ತೋರಿಸಲೇಬೇಕು. ಅಪ್ಪ, ಇದು ನಿಮಗೆ: ಅವ್ವನಿಗೆ ಒಂದು ಮಾತು ಪೂರ್ತಿ ಆಡಲು ಉಸಿರು ಸಾಲದಿದ್ದರೆ, ತುಟಿ ನೀಲಿಯಾದರೆ, ಬೆಳಗಾಗಲಿ ಅಂತ ಕಾಯಬೇಡಿ. ಆಗಿಂದಾಗಲೇ ದವಾಖಾನೆಗೆ ಒಯ್ಯಿರಿ.

ಅಟ್ಟ ಅಷ್ಟೊಂದು ತುಂಬಿದ್ದು ಯಾಕೆ ಅಂತ ನನಗೆ ಗೊತ್ತಿಲ್ಲವೇ? ಅರ್ಧ ನಮ್ಮದೇ ಅಲ್ಲ. ಆಲಮಟ್ಟಿ ಹಿನ್ನೀರಿಗೆ ನಮ್ಮ ಬಾಗಲಕೋಟೆ ಮುಳುಗಡೆ ಆಗುವ ಕಾಲಕ್ಕೆ ಕೆಳಗಿನ ಸಾಲಿನವರೆಲ್ಲ ನವನಗರಕ್ಕೆ ಹೋಗುವಾಗ 'ನಾಲ್ಕು ದಿನ ಇಟ್ಟುಕೊಂಡಿರ್ರೀ' ಅಂತ ಇಟ್ಟು ಹೋದದ್ದು. ಆಲಮಟ್ಟಿ ಅಣೆಕಟ್ಟು ಮುಗಿದದ್ದು 2005ರಲ್ಲಿ. ಆ ನಾಲ್ಕು ದಿನ ಇನ್ನೂ ಮುಗಿದಿಲ್ಲ! ಈರಣ್ಣ ಕಾಕಾನ ತೊಟ್ಟಿಲು ಅಲ್ಲೇ ಇದೆ. ಅದರಲ್ಲಿ ಮಲಗಿದ್ದ ಬಸೂಗೆ ಈಗ ಮೀಸೆ ಬಂದಿವೆ. ಅಪ್ಪನದು ಇನ್ನೊಂದು ಲೆಕ್ಕ. ನೀರು 519.60 ಮೀಟರಿಗೆ ನಿಂತಾಗ ನಮ್ಮ ಮನೆ ಉಳಿಯಿತು, 524.256ಕ್ಕೆ ಏರಿಸಿದಾಗ ನೋಡೋಣ ಅಂತ ಪೇಪರ್ ಕತ್ತರಿಸಿ ಇಟ್ಟುಕೊಂಡು ಕೂತರು. ನೀರು ಬರಲಿ ಬಿಡಲಿ, ಸಾಮಾನು ಮಾತ್ರ ಏರುತ್ತಲೇ ಹೋಯಿತು. ಈಗ ಎಲ್ಲರಿಗೂ ಒಂದೊಂದು ಫೋನ್ ಮಾಡಿ. ಮುಂದಿನ ಸಂತೆಯೊಳಗೆ ಬಂದು ಒಯ್ಯದಿದ್ದರೆ ಮೋಡ್ಕಾದವನಿಗೆ ಕೊಡುತ್ತೇವೆ ಅಂತ ಹೇಳಿ. ಸಂಕೋಚ ಆದರೆ ನನ್ನ ಹೆಸರು ಹೇಳಿ, ಪರದೇಶದಲ್ಲಿದ್ದು ಸೊಕ್ಕು ಬಂದಿದೆ ಅಂತ ಬೈದುಕೊಳ್ಳಲಿ.

ಮೋಡ್ಕಾದವನಿಗೆ ಕೊಡುವಾಗ ತಾಮ್ರದ ಹಂಡೆ, ಹಿತ್ತಾಳೆ ಕೊಪ್ಪರಿಗೆಯನ್ನು ಕಬ್ಬಿಣದ ಜೊತೆ ಒಟ್ಟಿಗೆ ತೂಗಿಸಬೇಡಿ. ಅವುಗಳ ದರವೇ ಬೇರೆ. ರದ್ದಿಯಲ್ಲಿ ಅಪ್ಪನ ಹಳೇ ಪಂಚಾಂಗ, ಕರೆಂಟ್ ಬಿಲ್ಲು ಎಲ್ಲ ಹೋಗಲಿ. ಹೊಲದ ಉತಾರ, ಮನೆ ಪಟ್ಟಿ ತುಂಬಿದ ಪಾವತಿ, ಪರಿಹಾರದ ಕಾಗದ, ನಿವೇಶನದ ಹಕ್ಕುಪತ್ರ ಮಾತ್ರ ಒಂದು ಚೂರೂ ಹೋಗಬಾರದು. ಅವನ್ನು ಲಾರಿಗೆ ಹಾಕಬೇಡಿ, ಅಕ್ಕನ ಕೈಚೀಲದಲ್ಲಿ ಹೋಗಲಿ. ಕಾಲು ಮುರಿದ ಮಂಚವನ್ನು ಓಣಿ ಹುಡುಗರಿಗೆ ಕೊಟ್ಟುಬಿಡಿ, ಕಾಮಣ್ಣನಿಗೆ ಆಗುತ್ತದೆ. ಕೊಡದಿದ್ದರೂ ಒಯ್ಯುತ್ತಾರೆ ಬಿಡು. ಆದರೆ ಆ ಹೊಗೆ ಹತ್ತಿರ ನೀನು ಹೋಗಬೇಡ.

ಮರೆಯುತ್ತಿದ್ದೆ. ಹಿತ್ತಲ ಹಗೇವಿನಲ್ಲಿ, ಆ ಕಾಳು ತುಂಬುವ ನೆಲದ ಗುಂಡಿಯಲ್ಲಿ, ಏನಾದರೂ ಉಳಿದಿದೆಯಾ ಅಂತ ನೋಡಲಿಕ್ಕೆ ಯಾರನ್ನೂ ಇಳಿಸಬೇಡಿ. ವರ್ಷಗಟ್ಟಲೆ ಮುಚ್ಚಿದ ಹಗೇವಿನಲ್ಲಿ ಗಾಳಿ ಕೆಟ್ಟಿರುತ್ತದೆ, ಇಳಿದವರು ಉಸಿರು ಕಟ್ಟಿ ಸತ್ತದ್ದುಂಟು. ಇದ್ದರೂ ಹುಳ ಹಿಡಿದ ಜೋಳ ತಾನೆ. ಕಲ್ಲು ಮಣ್ಣು ತುಂಬಿಸಿ ಮುಚ್ಚಿಬಿಡಿ.

ಇಷ್ಟೆಲ್ಲ ಹೇಳಲಿಕ್ಕೆ ನನಗೆ ಅನುಭವ ಇದೆ, ಯಾಕಂದರೆ ನಾನೂ ಮನೆ ಬದಲಿಸುತ್ತಿದ್ದೇನೆ. ಇಲ್ಲಿಯ ಕಥೆ ಕೇಳು. ಎಷ್ಟೋ ಬಾಡಿಗೆ ಮನೆಗಳಲ್ಲಿ ಬಿಟ್ಟು ಹೋಗುವವರು ಅಡುಗೆಮನೆಯನ್ನೇ ಕಿತ್ತುಕೊಂಡು ಹೋಗುತ್ತಾರೆ! ಸಿಂಕು, ಕಪಾಟು, ಒಲೆ, ಕೊನೆಗೆ ದೀಪ ಕೂಡ. ಹೊಸಬರು ಬಂದರೆ ಮಾಳಿಗೆಯಿಂದ ಬರೀ ವೈರು ಜೋತಾಡುತ್ತಿರುತ್ತದೆ. ನನ್ನ ಅಡುಗೆಮನೆಯನ್ನು ಮಾರಿದ್ದೇನೆ, ಇವತ್ತೇ ಬಂದು ಬಿಚ್ಚಿಕೊಂಡು ಹೋಗುತ್ತಾರೆ. ನಾಳೆ ಆಗುವುದಿಲ್ಲ, ಭಾನುವಾರ ಡ್ರಿಲ್ ಸದ್ದು ಮಾಡುವಂತಿಲ್ಲ. ಖಾಲಿ ಬಾಟಲಿಯನ್ನು ಬೀದಿಯ ಡಬ್ಬಿಗೆ ಹಾಕುವಂತೆಯೂ ಇಲ್ಲ, ಗಾಜು ಸದ್ದು ಮಾಡುತ್ತದಂತೆ. ನಮ್ಮ ಕಿಲ್ಲಾ ಓಣಿಯ ಹಲಗೆ ಮೇಳ ಇವರ ಕಿವಿಗೆ ಬಿದ್ದರೆ ಊರೇ ಪೊಲೀಸರಿಗೆ ಫೋನ್ ಮಾಡೀತು.

ಬೇಡವಾದ ಸಾಮಾನನ್ನು ಡಬ್ಬದಲ್ಲಿಟ್ಟು 'ಉಚಿತ' ಅಂತ ಚೀಟಿ ಅಂಟಿಸಿ ಬಾಗಿಲ ಹೊರಗೆ ಇಡುತ್ತಾರೆ. ಪುಸ್ತಕ, ಕಪ್ಪು, ಬೂಟು, ಯಾರು ಬೇಕಾದರೂ ಒಯ್ಯಬಹುದು. ನನ್ನ ಟೇಬಲ್ ದೀಪ ಬಂದದ್ದು ಹಾಗೇ. ನಗಬೇಡ, ದೊಡ್ಡ ಸಾಹೇಬರೂ ಬಗ್ಗಿ ನೋಡಿ ಎತ್ತಿಕೊಂಡು ಹೋಗುತ್ತಾರೆ. ಮಂಚ, ಸೋಫಾದಂಥವನ್ನು ಹಾಗೆ ಬೀದಿಗೆ ಹಾಕುವಂತಿಲ್ಲ, ನಗರಸಭೆಗೆ ಮೊದಲೇ ತಿಳಿಸಬೇಕು. ಇನ್ನೊಂದು: ಇಲ್ಲಿ ಮೆಟ್ಟಿಲು ಗುಡಿಸುವುದು ಬಾಡಿಗೆದಾರರ ಪಾಳಿ. ಯಾರ ಪಾಳಿಯೋ ಅವರ ಬಾಗಿಲಿಗೆ ಒಂದು ಹಲಗೆ ನೇತುಹಾಕುತ್ತಾರೆ. ಇಂಜಿನಿಯರ್ ಆದರೇನು, ವಾರಪೂರ್ತಿ ಕಸಬರಿಗೆ ಕೈಯಲ್ಲೇ. ಅಪ್ಪ ಓದಿಸಿದ್ದು ಇದಕ್ಕಾ ಅಂತ ಕೇಳಬೇಡ.

ನನ್ನ ಟ್ರಂಕು ಅಂದೆಯಲ್ಲ. ಪುಸ್ತಕಗಳನ್ನು ಅಕ್ಕನ ಮಗನಿಗೆ ಕೊಡು. ಇಳಕಲ್ ಸೀರೆ, ಖಣ ಇರಲಿ. ನನ್ನ ಮದುವೆಗೆ ಅಂತ ಕೂಡಿಟ್ಟ ಸ್ಟೀಲ್ ಭಾಂಡೆ ಯಾರಿಗಾದರೂ ಕೊಡು. ಆ ಮಾತು ಈಗ ತೆಗೆಯಬೇಡ, ಮೊದಲು ನಿನ್ನ ದಮ್ಮು ನೋಡೋಣ.

ದುಡ್ಡು ಅಕ್ಕನ ಖಾತೆಗೆ ಹಾಕಿದ್ದೇನೆ. ನಿನ್ನ ಖಾತೆಗೆ ಹಾಕಿದರೆ ನೀನು ಠೇವಣಿ ಇಡುತ್ತೀ. ಆಳಿಗೆ, ಲಾರಿಗೆ, ಡಾಕ್ಟರಿಗೆ ಆಗಿ ಮಿಗುತ್ತದೆ. ನನಗೆ ಕಮ್ಮಿ ಬಿದ್ದೀತು ಅಂತ ಚಿಂತೆ ಬೇಡ, ಹಳೇ ಮನೆಯ ಠೇವಣಿ ವಾಪಸ್ ಬರುವುದಿದೆ. ನಾನು ಚೆನ್ನಾಗಿದ್ದೇನೆ. ನಿಜವಾಗಲೂ ಚೆನ್ನಾಗಿದ್ದೇನೆ. ಹೊತ್ತಿಗೆ ಸರಿಯಾಗಿ ಉಣ್ಣುತ್ತೇನೆ, ಶೇಂಗಾ ಚಟ್ನಿ ಇನ್ನೂ ಇದೆ, ಕಡಕ್ ರೊಟ್ಟಿ ಮಾತ್ರ ಮುಗಿದಿದೆ. ಅದಕ್ಕಾಗಿ ಒಲೆ ಮುಂದೆ ಕೂರಬೇಡ. ಥಂಡಿ ಇಲ್ಲ, ಕೆಮ್ಮೂ ಇಲ್ಲ. ಹೊಸ ಮನೆ ಆಫೀಸಿಗೆ ಹತ್ತಿರ. ಭಾರ ಎತ್ತಲಿಕ್ಕೆ ಗೆಳತಿಯರು ಬರುತ್ತಾರೆ. ನನ್ನ ಬಗ್ಗೆ ಏನೂ, ಏನೇನೂ ಚಿಂತೆ ಮಾಡಬೇಡ.

ಇವತ್ತು ರಾತ್ರಿ ಊರಿಗೆ ಹೊರಟಿರುವ ಹುಬ್ಬಳ್ಳಿಯ ಗೆಳತಿ ಕೈಯಲ್ಲಿ ಇದನ್ನು ಕೊಡುತ್ತಿದ್ದೇನೆ. ನವನಗರದಲ್ಲಿ ಹಾಲು ಉಕ್ಕಿಸುವ ದಿನ ವಿಡಿಯೋ ಕಾಲ್ ಮಾಡಿ. ನೀನು ಕುರ್ಚಿಯಲ್ಲಿ ಕೂತಿರುವುದು ನನಗೆ ಕಾಣಬೇಕು. ಬೆಲ್ ಆಯಿತು, ಅಡುಗೆಮನೆಯವರು ಬಂದರು. ಅಪ್ಪ, ಏಣಿ ಎಲ್ಲಾದರೂ ಬಚ್ಚಿಡಿ.

ನಿಮ್ಮ ಮಗಳು,
ಶಿವಲೀಲಾ