ಅದು ಮಾತಿಗೆ ಮಾತು ಬೆಳೆದದ್ದಲ್ಲ, ಗೃಹ ಸಚಿವರೇ

ಕರ್ನಾಟಕದ ಗೃಹ ಸಚಿವರಿಗೆ,

ನಮಸ್ಕಾರ ಸರ್. ನಾನು ಉತ್ತರ ಕನ್ನಡದ ಯಲ್ಲಾಪುರ ತಾಲ್ಲೂಕಿನವಳು. ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹೆಣ್ಣುಮಗಳು. ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ನರ್ಸ್ ಆಗಿ ಕೆಲಸ ಮಾಡುತ್ತೇನೆ. ವರ್ಷಗಟ್ಟಲೆ ನುಂಗಿಕೊಂಡು ಬಂದದ್ದನ್ನು ಇವತ್ತು ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ. ನನ್ನ ಬೇಡಿಕೆ ಏನು ಅಂತ ಮೊದಲೇ ಹೇಳಿಬಿಡುತ್ತೇನೆ. ಬಣ್ಣ, ಕೂದಲು, ಮುಖ ನೋಡಿ ಯಾರನ್ನಾದರೂ ಬೈದರೆ, ಹೊಡೆದರೆ, ತಡೆದು ನಿಲ್ಲಿಸಿದರೆ, ಅದನ್ನು ದೂರಿನಲ್ಲಿ ಹಾಗೆಯೇ ಬರೆದುಕೊಳ್ಳಬೇಕು ಎಂದು ನಿಮ್ಮ ಎಲ್ಲಾ ಠಾಣೆಗಳಿಗೂ ಲಿಖಿತ ಆದೇಶ ಕೊಡಿ. ಇಷ್ಟೇ.

ನನ್ನ ತಮ್ಮ ರಾತ್ರಿ ಹೊತ್ತು ಬೈಕಿನಲ್ಲಿ ಊಟ ಡೆಲಿವರಿ ಮಾಡುತ್ತಾನೆ. ಕಳೆದ ತಿಂಗಳು ಒಂದು ಅಪಾರ್ಟ್‌ಮೆಂಟಿನ ಗೇಟಿನ ಹೊರಗೆ ಬ್ಯಾಗ್ ಹಿಡಿದುಕೊಂಡು ಕಾಯುತ್ತಿದ್ದ. ಕಾರಿನಿಂದ ಇಳಿದ ಮೂವರು ಬಂದು ಯಾವ ದೇಶ ನಿಂದು, ಗಾಂಜಾ ತಂದಿದ್ದೀಯಾ ಅಂತ ಶುರು ಮಾಡಿದರು. ಇವನು ಕನ್ನಡದಲ್ಲೇ ಉತ್ತರ ಕೊಟ್ಟ. ಅದಕ್ಕೆ ಇನ್ನೂ ಸಿಟ್ಟು ಬಂತು ಅವರಿಗೆ. ಕೆನ್ನೆಗೆ ಹೊಡೆದರು, ಹೆಲ್ಮೆಟ್ ಕಿತ್ತು ಕೂದಲು ಹಿಡಿದು ಎಳೆದರು, ಬ್ಯಾಗಿನಲ್ಲಿದ್ದ ಊಟ ರಸ್ತೆಗೆ ಚೆಲ್ಲಿದರು. ಆಮೇಲೆ ಪೊಲೀಸರನ್ನು ಕರೆದದ್ದೂ ಅವರೇ. ಹೊಡೆಸಿಕೊಂಡವನ ತುಟಿಯಲ್ಲಿ ರಕ್ತ ಬರುತ್ತಿತ್ತು, ಬಂದ ಪೊಲೀಸರು ಮೊದಲು ಕೇಳಿದ್ದು ಅವನ ಪಾಸ್‌ಪೋರ್ಟು.

ಅವನು ಆಧಾರ್ ಕಾರ್ಡ್ ತೋರಿಸಿದ. ಅದರಲ್ಲಿ ಯಲ್ಲಾಪುರ ತಾಲ್ಲೂಕಿನ ವಿಳಾಸ ಇದೆ, ಅಪ್ಪನ ಹೆಸರಿದೆ. ಇದು ಡುಪ್ಲಿಕೇಟ್ ಅಂದರು. ಡ್ರೈವಿಂಗ್ ಲೈಸೆನ್ಸ್ ತೋರಿಸಿದ, ಅದೂ ಡುಪ್ಲಿಕೇಟ್ ಅಂದರು. ಕೊನೆಗೆ ಒಬ್ಬರು, ನೀನು ಕರ್ನಾಟಕದವನೇ ಆಗಿದ್ದರೆ ನಾಡಗೀತೆ ಹೇಳು ನೋಡೋಣ ಅಂದರು. ರಸ್ತೆ ಮಧ್ಯೆ, ರಾತ್ರಿ ಹನ್ನೊಂದೂವರೆಗೆ. ಅವನು ಹೇಳಿದ ಸರ್. ಒಡೆದ ತುಟಿಯಲ್ಲೇ ಹೇಳಿದ. ಶಾಲೆಯಲ್ಲಿ ಪ್ರತಿದಿನ ಪ್ರಾರ್ಥನೆಗೆ ಮುಂದೆ ನಿಂತು ಹಾಡಿಸುತ್ತಿದ್ದವನು ಅವನು. ಹೊಡೆದವರಲ್ಲಿ ಒಬ್ಬ ಅದನ್ನು ಮೊಬೈಲಿನಲ್ಲಿ ವಿಡಿಯೋ ಮಾಡಿಕೊಂಡು ನಗುತ್ತಿದ್ದ. ಪೊಲೀಸರು ತಡೆಯಲಿಲ್ಲ. ಅಷ್ಟಾದ ಮೇಲೂ ಬಿಡಲಿಲ್ಲ, ವೆರಿಫಿಕೇಷನ್ ಅಂತ ಹೇಳಿ ಬೆಳಗಿನವರೆಗೆ ಠಾಣೆಯ ಬೆಂಚಿನ ಮೇಲೆ ಕೂರಿಸಿದರು. ಹೊಡೆದವರು ಮನೆಗೆ ಹೋಗಿ ಮಲಗಿದರು.

ನಾನು ನೈಟ್ ಡ್ಯೂಟಿ ಮುಗಿಸಿ ಯೂನಿಫಾರಂನಲ್ಲೇ ಠಾಣೆಗೆ ಹೋದೆ. ದೂರು ಬರೆದುಕೊಟ್ಟೆ. ಆಫ್ರಿಕಾದವನು ಎಂದುಕೊಂಡು, ಬಣ್ಣ ನೋಡಿ, ಹೀಯಾಳಿಸಿ ಹೊಡೆದಿದ್ದಾರೆ ಅಂತ ಸ್ಪಷ್ಟವಾಗಿ ಬರೆದಿದ್ದೆ. ಅಲ್ಲಿದ್ದ ಸಾಹೇಬರು ಪೆನ್ನಿನಿಂದ ಆ ಸಾಲಿನ ಕೆಳಗೆ ಗೆರೆ ಹಾಕಿ ಹಾಳೆ ವಾಪಸ್ ತಳ್ಳಿದರು. ಅದೆಲ್ಲಾ ಬೇಡಮ್ಮ, ಮಾತಿಗೆ ಮಾತು ಬೆಳೆದು ಗಲಾಟೆ ಆಯ್ತು ಅಂತ ಬರಿ, ಅಂದರು. ನಾನು ಬರೆಯಲ್ಲ ಅಂದೆ. ನಾವು ಪರಿಶಿಷ್ಟ ಪಂಗಡದವರು, ದೌರ್ಜನ್ಯ ತಡೆ ಕಾಯ್ದೆ ಹಾಕಿ ಎಂದು ಕೇಳಿದೆ. ಅದಕ್ಕೆ ಬಂದ ಉತ್ತರ ಕೇಳಿ: ಆ ಪಟ್ಟಿ ನಿಮ್ಮ ಜಿಲ್ಲೆಗೆ ಮಾತ್ರ ಅಲ್ವಾ, ಬೆಂಗಳೂರಿಗೆ ಬಂದ ಮೇಲೆ ಅದೆಲ್ಲಾ ನಡೆಯಲ್ಲ.

ಜಿಲ್ಲೆಯ ಗಡಿ ದಾಟಿದ ಕೂಡಲೇ ನಮ್ಮ ಚರ್ಮ ಬದಲಾಗುತ್ತದಾ ಸರ್? ಕೊನೆಗೆ ಎಫ್‌ಐಆರ್ ಮಾಡದೆ ಒಂದು ಎನ್‌ಸಿಆರ್, ಅಂದರೆ ಗಂಭೀರವಲ್ಲದ ಅಪರಾಧಕ್ಕೆ ಕೊಡುವ ವರದಿ, ಕೈಗೆ ಕೊಟ್ಟು ಕಳಿಸಿದರು. ಅದರಲ್ಲಿರುವುದು ಅದೇ ಸಾಲು, ಮಾತಿಗೆ ಮಾತು ಬೆಳೆದು. ಆ ಹಾಳೆ ಈಗಲೂ ನನ್ನ ಹತ್ತಿರ ಇದೆ.

ಕಾನೂನನ್ನು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ದೌರ್ಜನ್ಯ ತಡೆ ಕಾಯ್ದೆ 1989ರದ್ದು. ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ, ಆಗ ಉತ್ತರ ಕನ್ನಡ ಜಿಲ್ಲೆಯವರು ಮಾತ್ರ, ಬೆಳಗಾವಿ ಮತ್ತು ಧಾರವಾಡದ ನಮ್ಮವರು ಸೇರಲು 2020 ಬರಬೇಕಾಯಿತು. ಎಲ್ಲರೂ ನೋಡುವ ಜಾಗದಲ್ಲಿ ಅವಮಾನ ಮಾಡಿದರೆ ಅಪರಾಧ ಅಂತ ಆ ಕಾಯ್ದೆಯ 3ನೇ ಕಲಮು ಹೇಳುತ್ತದೆ. ಕರ್ತವ್ಯ ಮಾಡದ ಸರ್ಕಾರಿ ನೌಕರನಿಗೂ ಶಿಕ್ಷೆ ಇದೆ ಅಂತ 4ನೇ ಕಲಮು ಹೇಳುತ್ತದೆ. ಇದೆಲ್ಲಾ ನಿಮ್ಮ ಅಧಿಕಾರಿಗಳಿಗೆ ಗೊತ್ತು. ಗೊತ್ತಿದ್ದೂ ಬರೆದುಕೊಳ್ಳುವುದಿಲ್ಲ. ಯಾಕೆಂದರೆ ಬರೆದುಕೊಂಡರೆ ಇಂಥದ್ದು ನಮ್ಮಲ್ಲಿ ಇದೆ ಅಂತ ಒಪ್ಪಿಕೊಂಡ ಹಾಗೆ ಆಗುತ್ತದೆ.

ನನ್ನನ್ನು ಸುಡುತ್ತಿರುವುದು ಅದೇ. ಹೊಡೆದದ್ದಕ್ಕಿಂತ ಜಾಸ್ತಿ ಅದು ಸುಡುತ್ತದೆ.

ನಮ್ಮ ದೇಶ ವರ್ಣಭೇದದ ವಿರುದ್ಧ ಮಾತಾಡಿದ್ದು ಸಣ್ಣದೇನಲ್ಲ. 1946ರಲ್ಲೇ, ಇನ್ನೂ ಸ್ವಾತಂತ್ರ್ಯ ಸಿಗುವ ಮೊದಲೇ, ದಕ್ಷಿಣ ಆಫ್ರಿಕಾದಲ್ಲಿ ಭಾರತೀಯರಿಗೆ ಆಗುತ್ತಿದ್ದ ಅನ್ಯಾಯವನ್ನು ವಿಶ್ವಸಂಸ್ಥೆಯಲ್ಲಿ ಎತ್ತಿದ್ದು ಭಾರತ. ಅದೇ ವರ್ಷ ಆ ದೇಶದ ಜೊತೆ ವ್ಯಾಪಾರ ನಿಲ್ಲಿಸಿತು. ಜನಾಂಗೀಯ ತಾರತಮ್ಯದ ವಿರುದ್ಧದ ಅಂತಾರಾಷ್ಟ್ರೀಯ ಒಪ್ಪಂದವನ್ನು 1968ರಲ್ಲಿ ಒಪ್ಪಿಕೊಂಡಿದೆ. ಇದನ್ನೆಲ್ಲಾ ಓದುವಾಗ ನನಗೆ ನಿಜವಾಗಿಯೂ ಹೆಮ್ಮೆಯಾಗುತ್ತದೆ. ಆದರೆ ಹೊರಗಿನವರ ತಪ್ಪನ್ನು ಅಷ್ಟು ಗಟ್ಟಿಯಾಗಿ ಹೇಳಿದ ದೇಶ ತನ್ನ ಬೀದಿಯಲ್ಲಿ ಆಗುವುದನ್ನು ಮಾತ್ರ ಒಪ್ಪಿಕೊಳ್ಳುವುದಿಲ್ಲ.

2016ರ ಜನವರಿ ಕೊನೆಯ ರಾತ್ರಿ ನಿಮಗೆ ನೆನಪಿರಬೇಕು. ಹೆಸರಘಟ್ಟ ರಸ್ತೆ ಕಡೆ ಸುಡಾನ್ ದೇಶದವನ ಕಾರು ಗುದ್ದಿ ಒಬ್ಬ ಹೆಣ್ಣುಮಗಳು ತೀರಿಕೊಂಡರು. ಅದು ದೊಡ್ಡ ದುಃಖವೇ. ಆದರೆ ಸ್ವಲ್ಪ ಹೊತ್ತಿನ ನಂತರ ಬೇರೆ ಕಾರಿನಲ್ಲಿ ಬಂದ ತಾಂಜಾನಿಯಾದ ವಿದ್ಯಾರ್ಥಿನಿಗೂ ಆ ಅಪಘಾತಕ್ಕೂ ಏನು ಸಂಬಂಧ? ಗುಂಪು ಅವಳನ್ನು ಹೊಡೆಯಿತು, ಬಟ್ಟೆ ಹರಿಯಿತು, ಕಾರು ಸುಟ್ಟಿತು. ಅವಳಿಗೂ ಆ ಚಾಲಕನಿಗೂ ಇದ್ದ ಒಂದೇ ಹೋಲಿಕೆ ಬಣ್ಣ. ಆದರೂ ನಮ್ಮ ಸರ್ಕಾರ ಹೇಳಿದ್ದು, ಇದು ಜನಾಂಗೀಯ ದಾಳಿ ಅಲ್ಲ, ಅಪಘಾತಕ್ಕೆ ಜನರ ಪ್ರತಿಕ್ರಿಯೆ ಅಂತ. ಮರುವರ್ಷ ಗ್ರೇಟರ್ ನೋಯ್ಡಾದಲ್ಲಿ ನೈಜೀರಿಯಾದ ವಿದ್ಯಾರ್ಥಿಗಳನ್ನು ಅಟ್ಟಾಡಿಸಿ ಹೊಡೆದಾಗ, ಆಫ್ರಿಕಾ ದೇಶಗಳ ರಾಯಭಾರಿಗಳೆಲ್ಲಾ ಸೇರಿ ಇದು ಜನಾಂಗೀಯ ದ್ವೇಷ ಎಂದರು. ದೆಹಲಿಯ ಸರ್ಕಾರ ಆ ಮಾತಿಗೇ ಬೇಸರ ಮಾಡಿಕೊಂಡಿತು.

ನನ್ನ ಜೊತೆ ವಾರ್ಡಿನಲ್ಲಿ ಮಣಿಪುರದ ಹುಡುಗಿ ಇದ್ದಾಳೆ. 2012ರ ಆಗಸ್ಟ್‌ನಲ್ಲಿ ವದಂತಿಗೆ ಹೆದರಿ ಈಶಾನ್ಯದವರು ಬೆಂಗಳೂರಿನಿಂದ ಗುವಾಹಟಿ ರೈಲು ಹತ್ತಿದರಲ್ಲ, ಆ ಜನರಲ್ಲಿ ಅವಳ ಅಕ್ಕನೂ ಒಬ್ಬಳು. 2014ರ ಜನವರಿಯಲ್ಲಿ ಅರುಣಾಚಲದ ವಿದ್ಯಾರ್ಥಿ ನಿಡೋ ತಾನಿಯಾ ದೆಹಲಿಯ ಲಜಪತ್ ನಗರದಲ್ಲಿ ಹೊಡೆತ ತಿಂದು ತೀರಿಕೊಂಡ. ಕೂದಲಿನ ಬಗ್ಗೆ ಮಾಡಿದ ಗೇಲಿಯಿಂದ ಶುರುವಾದದ್ದು ಅದು. ಆಮೇಲೆ ಈಶಾನ್ಯದವರ ಸಮಸ್ಯೆ ನೋಡಲು ಕೇಂದ್ರ ಸರ್ಕಾರ ಬೇಜ್‌ಬರುವಾ ಸಮಿತಿ ಮಾಡಿತು. ಜನಾಂಗೀಯ ನಿಂದನೆಗೆ ಬೇರೆಯೇ ಕಲಮು ಬೇಕು ಎಂದು ಸಮಿತಿ ಅದೇ ವರ್ಷ ವರದಿ ಕೊಟ್ಟಿತು. 2024ರ ಜುಲೈಯಲ್ಲಿ ಇಡೀ ದಂಡ ಸಂಹಿತೆಯನ್ನೇ ಹೊಸದಾಗಿ ಜಾರಿಗೆ ತಂದರು, ಆಗಲೂ ಸಮಿತಿ ಕೇಳಿದ್ದ ಆ ಕಲಮುಗಳು ಬರಲಿಲ್ಲ. ಆ ಕೆಲಸ ದೆಹಲಿಯದ್ದು ಎಂದು ನೀವು ಹೇಳಬಹುದು. ಠಾಣೆಗಳು ನಿಮ್ಮವು ಅಲ್ವಾ? ಸುತ್ತೋಲೆ ಹೊರಡಿಸಲು ದೆಹಲಿಯನ್ನು ಕೇಳಬೇಕಾಗಿಲ್ಲ.

ಇನ್ನೊಂದು ಮಾತು. ತಮ್ಮನ ವಿಷಯ ಕೇಳಿದವರೆಲ್ಲಾ ಸಮಾಧಾನ ಮಾಡುವುದು ಒಂದೇ ರೀತಿ. ಅಯ್ಯೋ, ಗೊತ್ತಾಗದೆ ಆಗಿದೆ, ಆಫ್ರಿಕಾದವನು ಅಂದುಕೊಂಡುಬಿಟ್ಟರು, ನಮ್ಮವನೇ ಅಂತ ಗೊತ್ತಿದ್ದರೆ ಹೊಡೀತಿರಲಿಲ್ಲ. ಈ ಸಮಾಧಾನ ನನಗೆ ಬೇಡ. ಆಫ್ರಿಕಾದವನಾಗಿದ್ದರೆ ಹೊಡೆಯಬಹುದಿತ್ತಾ? ಓದಲು ಬಂದ ಆ ಮಕ್ಕಳಿಗೂ ಊರಿನಲ್ಲಿ ಅಕ್ಕ ತಂಗಿಯರಿದ್ದಾರೆ.

ನಾವು ಯಾರು ಎಂದು ಗೊತ್ತಿಲ್ಲದಿರುವುದು ಕೂಡ ತಾನಾಗಿ ಆದದ್ದಲ್ಲ. ಯಾರೂ ಕಲಿಸಲಿಲ್ಲ, ಅದಕ್ಕೇ ಗೊತ್ತಿಲ್ಲ. ಪೋರ್ಚುಗೀಸರು ಪೂರ್ವ ಆಫ್ರಿಕಾದಿಂದ ನಮ್ಮ ಹಿರಿಯರನ್ನು ಹಡಗಿನಲ್ಲಿ ತುಂಬಿ ಗೋವಾಕ್ಕೆ ಗುಲಾಮರಾಗಿ ತಂದರು. ಅಲ್ಲಿನ ಹಿಂಸೆ ತಾಳಲಾರದೆ ತಪ್ಪಿಸಿಕೊಂಡವರು ಘಟ್ಟ ಹತ್ತಿ ಕಾಡು ಸೇರಿದರು. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ಕಡೆ ತಲೆಮಾರುಗಳಿಂದ ಇದ್ದೇವೆ. ನಮ್ಮಲ್ಲಿ ಹಿಂದೂಗಳಿದ್ದಾರೆ, ಕ್ರೈಸ್ತರಿದ್ದಾರೆ, ಮುಸ್ಲಿಮರಿದ್ದಾರೆ. ಬಿಜಾಪುರದ ಆದಿಲ್‌ಶಾಹಿ ದರ್ಬಾರಿನಲ್ಲಿ ಇಖ್ಲಾಸ್ ಖಾನ್ ಎಂಬ ಆಫ್ರಿಕಾ ಮೂಲದವರು ಪ್ರಧಾನಿಯಾಗಿದ್ದರು. 2020ರಲ್ಲಿ ನಮ್ಮ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ಹೋದಾಗ ನಮ್ಮ ಊರುಗಳಲ್ಲಿ ಎಷ್ಟು ಸಂತೋಷ ಪಟ್ಟರು ಗೊತ್ತಾ. ನಿಮ್ಮದೇ ಸದನದಲ್ಲಿ ಕುಳಿತವರ ಜನ ನಾವು. ರಾಜಧಾನಿಯ ಪೊಲೀಸರಿಗೆ ಮಾತ್ರ ನಾವು ಗೊತ್ತಿಲ್ಲ.

ನನ್ನ ಕೆಲಸದ ಕಥೆಯೂ ಸ್ವಲ್ಪ ಹೇಳಿಬಿಡುತ್ತೇನೆ. ಡ್ರಿಪ್ ಹಾಕಲು ಹೋದರೆ ಕೈ ಹಿಂದಕ್ಕೆ ಎಳೆದುಕೊಂಡು ಬೇರೆ ಸಿಸ್ಟರ್ ಕಳಿಸಿ ಅಂದವರಿದ್ದಾರೆ. ಬಾಡಿಗೆ ಮನೆ ನೋಡಲು ಹೋದರೆ, ಫೋನಿನಲ್ಲಿ ಕನ್ನಡ ಕೇಳಿ ಖಾಲಿ ಇದೆ ಬನ್ನಿ ಎಂದವರು, ಬಾಗಿಲು ತೆಗೆದು ಮುಖ ನೋಡಿದ ಮೇಲೆ ಈಗಷ್ಟೇ ಕೊಟ್ಟುಬಿಟ್ವಿ ಅನ್ನುತ್ತಾರೆ. ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿ ಇದ್ದರೂ ನಿಂತುಕೊಂಡೇ ಬರುತ್ತಾರೆ. ಇದನ್ನೆಲ್ಲಾ ಯಾವ ಠಾಣೆಯಲ್ಲಿ ಹೇಳಲಿ?

ಹಾಗಾದರೆ ಹೇಗೆ ಇದ್ದೀರಿ ಎಂದು ಮಣಿಪುರದ ಗೆಳತಿ ಕೇಳಿದಳು ಒಮ್ಮೆ. ಅವಳಿಗೆ ನನ್ನ ಕವಂದಿ ತೋರಿಸಿದೆ. ಹಳೇ ಸೀರೆ, ಹರಿದ ಅಂಗಿ, ಮಕ್ಕಳ ಫ್ರಾಕು ಎಲ್ಲಾ ತುಂಡು ಮಾಡಿ ನಮ್ಮ ಕಡೆ ಹೆಂಗಸರು ಹೊಲಿಯುವ ಹೊದಿಕೆ ಅದು. ಅಂಚಿನಿಂದ ಶುರು ಮಾಡಿ ಸುತ್ತು ಸುತ್ತು ಹೊಲಿಯುತ್ತಾ ನಡುವಿಗೆ ಬರುತ್ತಾರೆ. ನಾಲ್ಕು ಮೂಲೆಗೂ ಬಟ್ಟೆ ಮಡಚಿ ಪದರ ಪದರವಾಗಿ ಫೂಲ, ಅಂದರೆ ಹೂವು, ಕೂರಿಸುತ್ತಾರೆ. ಅಜ್ಜಿ ಹೊಲಿದದ್ದರಲ್ಲಿ ಅಜ್ಜನ ಖಾಕಿ ಚಡ್ಡಿಯ ತುಂಡೂ ಇದೆ. ಜಮೀನ್ದಾರರ ತೋಟದಲ್ಲಿ ಸಾಲಕ್ಕೆ ಜೀತ ಮಾಡಿದವರು ಅಜ್ಜ. ಅಜ್ಜಿ ಬದುಕಿರುವವರೆಗೂ ನಮ್ಮ ಡೋಲು ಡಮಾಮ್ ಬಡಿಯುವುದು ಕೇಳಿದರೆ ಒಲೆ ಮೇಲಿನ ಅನ್ನ ಬಿಟ್ಟು ಅಂಗಳಕ್ಕೆ ಹೋಗುತ್ತಿದ್ದಳು. ಕೂದಲು ಸುರುಳಿ ಅಂತ ಶಾಲೆಯಲ್ಲಿ ಗೇಲಿ ಮಾಡಿದರು ಎಂದು ನಾನು ಅತ್ತುಕೊಂಡು ಬಂದಾಗ ಎಣ್ಣೆ ಹಚ್ಚಿ ಬಾಚುತ್ತಾ, ಈ ಕೂದಲು ಹಡಗಿನಲ್ಲೂ ಉದುರಲಿಲ್ಲ ಮಗಾ ಎಂದಿದ್ದಳು. ನಾನು ಠಾಣೆಯಲ್ಲಿ ಬರೆಯಲ್ಲ ಎಂದು ಹೇಳಲು ಆದದ್ದು ಅವಳ ಮೊಮ್ಮಗಳಾದ್ದರಿಂದ.

ಆದರೆ ಸರ್, ನಮ್ಮ ಈ ಗಟ್ಟಿತನವನ್ನು ನೋಡಿ ಸರ್ಕಾರ ಆರಾಮಾಗಿ ಇರಬಾರದು. ಉತ್ಸವಕ್ಕೆ ಕರೆಸುತ್ತೀರಿ, ಡಮಾಮಿ ಕುಣಿಸುತ್ತೀರಿ, ಫೋಟೋ ತೆಗೆಸಿಕೊಳ್ಳುತ್ತೀರಿ. ಅದೇ ಹುಡುಗರು ರಾತ್ರಿ ಬಸ್‌ಸ್ಟ್ಯಾಂಡಿಗೆ ಬಂದರೆ ಪಾಸ್‌ಪೋರ್ಟು ಕೇಳುತ್ತೀರಿ. ತಮ್ಮ ಈಗ ರಾತ್ರಿ ಡೆಲಿವರಿ ಬಿಟ್ಟಿದ್ದಾನೆ. ದುಡಿಮೆ ಅರ್ಧ ಆಗಿದೆ. ಹಾಡು ಅಂತ ಯಾರಾದರೂ ತಮಾಷೆಗೆ ಹೇಳಿದರೂ ಎದ್ದು ಹೊರಗೆ ಹೋಗುತ್ತಾನೆ.

ದೇಶದ ಅಪರಾಧಗಳ ಲೆಕ್ಕ ಇಡುವ ಎನ್‌ಸಿಆರ್‌ಬಿಯ ಅಪರಾಧ ವರದಿಯಲ್ಲಿ ಕಳ್ಳತನಕ್ಕೆ ಲೆಕ್ಕ ಇದೆ, ಅಪಘಾತಕ್ಕೆ ಬೇರೆ ವರದಿಯೇ ಇದೆ. ಬಣ್ಣ ನೋಡಿ ಹೊಡೆದದ್ದಕ್ಕೆ ಪ್ರತ್ಯೇಕ ಲೆಕ್ಕ ಇಲ್ಲ. ಠಾಣೆಯಲ್ಲೇ ಬರೆದುಕೊಳ್ಳದಿದ್ದರೆ ಲೆಕ್ಕ ಎಲ್ಲಿಂದ ಬರುತ್ತದೆ? ಲೆಕ್ಕ ಇಲ್ಲ ಅಂದ ಮೇಲೆ ಸದನದಲ್ಲಿ ನೀವು ಎದ್ದು ನಿಂತು, ನಮ್ಮ ರಾಜ್ಯದಲ್ಲಿ ಇಂಥ ಪ್ರಕರಣಗಳಿಲ್ಲ ಎಂದು ಹೇಳುವುದು ಸುಲಭ. ಹೇಳಬೇಡಿ. ಮೊದಲು ಬರೆದುಕೊಳ್ಳಿ.

ಆದೇಶ ಕೊಡಿ. ಬಣ್ಣದ ಕಾರಣಕ್ಕೆ ಯಾರನ್ನೂ ನಿಲ್ಲಿಸಿ ಪಾಸ್‌ಪೋರ್ಟು ಕೇಳಬಾರದು ಅಂತ ಕೊಡಿ. ಜನಾಂಗೀಯ ನಿಂದನೆ ಎಂದು ದೂರುದಾರರು ಹೇಳಿದರೆ ಆ ಸಾಲನ್ನು ಯಾರೂ ತೆಗೆಸಬಾರದು ಅಂತ ಕೊಡಿ. ಸಿದ್ದಿಗಳ ದೂರು ಬೆಂಗಳೂರಿನಲ್ಲೂ ದೌರ್ಜನ್ಯ ತಡೆ ಕಾಯ್ದೆಯಡಿ ದಾಖಲಾಗಬೇಕು ಅಂತ ಕೊಡಿ. ನನ್ನ ತಮ್ಮನ ದೂರಿನಿಂದಲೇ ಶುರು ಮಾಡಿ. ಆ ಎನ್‌ಸಿಆರ್ ಪ್ರತಿಯನ್ನು ನಿಮ್ಮ ಕಚೇರಿಗೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿದ್ದೇನೆ, ಠಾಣೆಯ ಹೆಸರು ಅದರಲ್ಲಿದೆ. ಎಫ್‌ಐಆರ್ ಮಾಡಿಸಿ, ನಾನು ಬರೆದುಕೊಟ್ಟ ಸಾಲನ್ನು ಅದರಲ್ಲಿ ಸೇರಿಸಿ, ಒಂದು ಪ್ರತಿ ನಮಗೆ ಕೊಡಿಸಿ. ಕಾಯುತ್ತಿದ್ದೇವೆ.

ಇಂತಿ,
ಯಲ್ಲಾಪುರ ತಾಲ್ಲೂಕಿನ ಒಬ್ಬ ಸಿದ್ದಿ ಹೆಣ್ಣುಮಗಳು
ಸದ್ಯ ಬೆಂಗಳೂರು