ನಿನ್ನ ಐವರು ಶಂಕಿತರ ಬಗ್ಗೆ

ಪ್ರಿಯ ಮಿತ್ರನಿಗೆ,

ನೀನು ಕಳುಹಿಸಿದ ಚಿತ್ರಕಥೆಯ ಕರಡನ್ನು ಪೂರ್ತಿಯಾಗಿ ಓದಿದೆ. ಕೊಲೆಗಾರ ಯಾರೆಂಬುದು ಕೊನೆಯ ದೃಶ್ಯದವರೆಗೂ ನನಗೆ ಹೊಳೆಯಲಿಲ್ಲವೆಂಬುದು ನಿಜ. ಹೊಳೆದ ಮೇಲೆ ಬೆರಗಾಗುವ ಬದಲು ಮೋಸಹೋದಂತೆ ಅನ್ನಿಸಿತೆಂಬುದೂ ಅಷ್ಟೇ ನಿಜ. ಹೀಗೇಕಾಯಿತೆಂದು ಯೋಚಿಸಿ ಬರೆಯುತ್ತಿದ್ದೇನೆ. ಪತ್ರ ಸ್ವಲ್ಪ ಉದ್ದವಾದರೆ ಸಹಿಸಿಕೋ.

ಮೊದಲು ಆ ಕಾರು ಚಾಲಕನ ವಿಷಯ. ಕಥೆಯ ಮುಕ್ಕಾಲು ಭಾಗ ಕಳೆದ ಮೇಲೆ ಅವನು ಪ್ರವೇಶಿಸುತ್ತಾನೆ, ಎರಡು ಮಾತನಾಡುತ್ತಾನೆ, ಕೊನೆಗೆ ಅವನೇ ಕೊಲೆಗಾರನಾಗುತ್ತಾನೆ. ಪಾದ್ರಿಯೂ ಪತ್ತೇದಾರಿ ಲೇಖಕನೂ ಆಗಿದ್ದ ರೊನಾಲ್ಡ್ ನಾಕ್ಸ್ 1929ರಲ್ಲಿ ಇಂಥ ಕಥೆಗಳಿಗೆಂದು ಹತ್ತು ಕಟ್ಟಳೆಗಳನ್ನು ಬರೆದಿಟ್ಟ. ಅಪರಾಧಿಯ ಪ್ರಸ್ತಾಪ ಕಥೆಯ ಆರಂಭದ ಭಾಗದಲ್ಲೇ ಬಂದಿರಬೇಕು, ಆದರೆ ಅವನ ಮನಸ್ಸಿನೊಳಗಿನ ಆಲೋಚನೆಗಳನ್ನು ಓದುಗರಿಗೆ ತೋರಿಸಿರಬಾರದು ಎಂಬುದು ಅವುಗಳಲ್ಲಿ ಮೊದಲನೆಯದು. ಇದರ ಎರಡನೆಯ ಅರ್ಧವನ್ನು ಅಗಾಥಾ ಕ್ರಿಸ್ಟಿ 1926ರಷ್ಟು ಹಿಂದೆಯೇ, ಕಥೆ ಹೇಳುವವನನ್ನೇ ಕೊಲೆಗಾರನನ್ನಾಗಿಸಿ, ಮುರಿದಿದ್ದಳು. (ಕಾದಂಬರಿಯ ಹೆಸರು ಹೇಳುವುದಿಲ್ಲ, ನೀನಿನ್ನೂ ಓದಿಲ್ಲದಿದ್ದರೆ ನನಗೆ ಶಾಪ ಹಾಕುತ್ತೀಯ.) ಆದರೆ ಆ ಪುಸ್ತಕವನ್ನು ಎರಡನೆಯ ಸಲ ಓದಿದಾಗ ನಿರೂಪಕ ಎಲ್ಲಿಯೂ ಸುಳ್ಳು ಹೇಳಿಲ್ಲ, ಕೆಲವು ನಿಮಿಷಗಳನ್ನು ಮಾತ್ರ ಸದ್ದಿಲ್ಲದೆ ದಾಟಿಬಿಟ್ಟಿದ್ದಾನೆ ಎಂಬುದು ಕಾಣುತ್ತದೆ. ನಿನ್ನ ಕರಡನ್ನು ಎರಡನೆಯ ಸಲ ಓದಿದಾಗ ಚಾಲಕನ ಕುರಿತ ಒಂದು ಸುಳಿವೂ ನನಗೆ ಸಿಗಲಿಲ್ಲ. ಪ್ರೇಕ್ಷಕನಿಗೆ ಊಹಿಸುವ ಅವಕಾಶವನ್ನೇ ಕೊಡದೆ ಅವನ ಊಹೆ ತಪ್ಪಿಸಿದೆನೆಂದು ಹೇಳಿಕೊಳ್ಳುವುದರಲ್ಲಿ ಹೆಚ್ಚುಗಾರಿಕೆಯೇನೂ ಇಲ್ಲ.

ಆದರೂ ನನ್ನ ನಿಜವಾದ ತಕರಾರು ಕೊಲೆಗಾರನ ಬಗ್ಗೆಯಲ್ಲ, ನಿರಪರಾಧಿಗಳ ಬಗ್ಗೆ. ಸತ್ತವನ ಸೋದರಳಿಯ ನಡುರಾತ್ರಿ ಬಚ್ಚಲಿನಲ್ಲಿ ನಿಂತು ಅಂಗಿಯ ತೋಳನ್ನು ಉಜ್ಜಿ ಉಜ್ಜಿ ತೊಳೆಯುವ ದೃಶ್ಯವನ್ನು ನೀನು ಅದ್ಭುತವಾಗಿ ಬರೆದಿದ್ದೀಯ. ಹೆಂಡತಿ ಬಾಗಿಲು ತಟ್ಟಿದಾಗ ಅವನು ನಲ್ಲಿಯನ್ನು ಇನ್ನಷ್ಟು ಜೋರಾಗಿ ತಿರುಗಿಸುವುದಂತೂ ಬಹಳ ಚೆನ್ನಾಗಿದೆ. ಆದರೆ ಅವನು ಹಾಗೇಕೆ ಮಾಡಿದನೆಂಬುದು ಕಥೆ ಮುಗಿದರೂ ತಿಳಿಯುವುದಿಲ್ಲ. ಶಂಕೆ ಹುಟ್ಟಿಸುವಷ್ಟರಲ್ಲಿ ಅವನ ಕೆಲಸ ಮುಗಿಯಿತು, ನೀನು ಅವನನ್ನು ಕೈಬಿಟ್ಟೆ. ನಿರಪರಾಧಿಯೂ ಸುಳ್ಳು ಹೇಳಬಹುದು, ಹೇಳಲೇಬೇಕು. ಆದರೆ ಆ ಸುಳ್ಳಿಗೆ ಅವನದೇ ಆದ ಕಾರಣವಿರಬೇಕು. ಹೀಗೆ ಯೋಚಿಸಿ ನೋಡು: ಅವನು ಮಾವನಿಂದ ಸಾಲ ಪಡೆದಿದ್ದಾನೆ, ಸಾಲಪತ್ರವನ್ನು ಹೇಗಾದರೂ ಹಿಂದಕ್ಕೆ ಪಡೆಯಬೇಕೆಂದು ಆ ರಾತ್ರಿ ಮನೆಗೆ ಬರುತ್ತಾನೆ, ಮಾವ ಆಗಲೇ ಹೆಣವಾಗಿ ಬಿದ್ದಿರುತ್ತಾನೆ, ಇವನು ಶವದ ಜೇಬಿಗೆ ಕೈಹಾಕಿ ಸಾಲಪತ್ರ ತೆಗೆದುಕೊಳ್ಳುವಾಗ ತೋಳಿಗೆ ರಕ್ತ ಹತ್ತುತ್ತದೆ. ಈಗ ಅವನು ಕೊಲೆಗಾರನಲ್ಲ, ಆದರೆ ಶುದ್ಧನೂ ಅಲ್ಲ. ಅಷ್ಟೇ ಅಲ್ಲ, ಕಾಗದ ಕಾಣೆಯಾದದ್ದರಿಂದ ಇದು ಹಣಕ್ಕಾಗಿ ನಡೆದ ಕೊಲೆಯೆಂದು ಪೊಲೀಸರು ಭಾವಿಸುತ್ತಾರೆ, ನಿಜವಾದ ಕಾರಣ ಇನ್ನಷ್ಟು ಆಳಕ್ಕೆ ಹೂತುಹೋಗುತ್ತದೆ. ದಾರಿ ತಪ್ಪಿಸುವ ಸುಳಿವು ಹೀಗೆ ಕಥೆಯನ್ನೂ ಮುಂದಕ್ಕೆ ತಳ್ಳಿದರೆ, ಪ್ರೇಕ್ಷಕ ಅದನ್ನು ಮೋಸವೆಂದು ಕರೆಯುವುದಿಲ್ಲ.

ಇದಕ್ಕೆ ತದ್ವಿರುದ್ಧವಾದದ್ದು ನಿನ್ನ ಗುಮಾಸ್ತ. ಅವನು ಬಂದಾಗಲೆಲ್ಲ ಹಿನ್ನೆಲೆ ಸಂಗೀತ ಗುಡುಗುತ್ತದೆ, ಕ್ಯಾಮೆರಾ ಅವನ ಕಣ್ಣುಗಳ ಮೇಲೆ ನಿಲ್ಲುತ್ತದೆ, ಅವನೋ ಏನೂ ಮಾಡುವುದಿಲ್ಲ. ಇಂಥ ಚಿತ್ರಗಳನ್ನು ನಾಲ್ಕು ನೋಡಿದ ಯಾರೇ ಆದರೂ ಅವನನ್ನು ಪಟ್ಟಿಯಿಂದ ಮೊದಲೇ ಹೊಡೆದುಹಾಕುತ್ತಾರೆ. ಪ್ರೇಕ್ಷಕರು ಊಹಿಸುವುದು ಕಥೆಯೊಳಗಿನ ಸುಳಿವುಗಳಿಂದ ಮಾತ್ರವಲ್ಲ. ಸಣ್ಣ ಪಾತ್ರಕ್ಕೆ ದೊಡ್ಡ ನಟ ಬಂದಿದ್ದರೆ ಅವರಿಗೆ ಅನುಮಾನ ಬರುತ್ತದೆ. ಮಧ್ಯಂತರಕ್ಕೆ ಮುಂಚೆಯೇ ಬಂಧಿತನಾದವನು ಅಪರಾಧಿಯಲ್ಲವೆಂದು ಗಡಿಯಾರ ನೋಡಿಯೇ ಅವರು ತೀರ್ಮಾನಿಸುತ್ತಾರೆ. ಈ ಜಾಣತನವನ್ನೇ ನೀನು ಬಳಸಿಕೊಳ್ಳಬಹುದು. ನಿಜವಾದ ಅಪರಾಧಿಯನ್ನೇ ಮೊದಲು ಹಿಡಿಸಿ, ಕೊಲೆಯ ಹೊತ್ತಿಗೆ ಅವನು ಬೇರೆಡೆ ಇದ್ದನೆಂದು ಸಾಬೀತುಪಡಿಸಿ, ಬಿಟ್ಟುಬಿಡು. ಒಮ್ಮೆ ಖುಲಾಸೆಯಾದವನತ್ತ ಮತ್ತೆ ಯಾರೂ ಅಷ್ಟು ಸುಲಭವಾಗಿ ಕಣ್ಣುಹಾಯಿಸುವುದಿಲ್ಲ. ಹಳೆಯ ತಂತ್ರವೇ ಹೌದು, ಆದರೆ ಆ ಸಾಕ್ಷ್ಯದಲ್ಲಿನ ಬಿರುಕನ್ನು ಎಲ್ಲರ ಕಣ್ಣೆದುರೇ ಇಟ್ಟಿದ್ದರೆ ಇಂದಿಗೂ ನಡೆಯುತ್ತದೆ.

ಕಣ್ಣೆದುರೇ ಇಟ್ಟು ಮರೆಸುವುದು ಹೇಗೆಂದು ನೀನು ಕೇಳಬಹುದು. ಮುಖ್ಯ ಸುಳಿವನ್ನು ಒಂಟಿಯಾಗಿ ತೋರಿಸಬೇಡ. ನಾಲ್ಕಾರು ಸಾಧಾರಣ ಸಂಗತಿಗಳ ನಡುವೆ ಸೇರಿಸು, ಅದು ಬಂದ ಮರುಕ್ಷಣವೇ ಜಗಳವನ್ನೋ ನಗುವನ್ನೋ ತಂದು ಗಮನವನ್ನು ಬೇರೆಡೆಗೆ ಎಳೆ. ಗೋಡೆಯ ಗಡಿಯಾರ ಹತ್ತು ನಿಮಿಷ ಹಿಂದಿದೆಯೆಂದು ವೈದ್ಯ ಹೇಳುವ ಮಾತಿನ ಬೆನ್ನಿಗೇ ಅತ್ತಿಗೆ ನಾದಿನಿಯರ ವಾಗ್ವಾದ ಶುರುವಾದರೆ ಗಡಿಯಾರ ಯಾರಿಗೂ ನೆನಪಿರುವುದಿಲ್ಲ.

ಇನ್ನೊಂದು ಮಾತು. ಯಾರು ಕೊಂದರೆಂಬ ಪ್ರಶ್ನೆಯೊಂದನ್ನೇ ಕೊನೆಯವರೆಗೂ ಹೊತ್ತು ಸಾಗುವ ಅಗತ್ಯವಿಲ್ಲ. ಮೇಜಿನ ಕೆಳಗಿನ ಬಾಂಬು ಇದ್ದಕ್ಕಿದ್ದಂತೆ ಸಿಡಿದರೆ ಸಿಗುವುದು ಹದಿನೈದು ಕ್ಷಣಗಳ ಆಘಾತ, ಬಾಂಬಿರುವುದು ನೋಡುಗರಿಗೆ ಮೊದಲೇ ತಿಳಿದಿದ್ದರೆ ಸಿಗುವುದು ಹದಿನೈದು ನಿಮಿಷಗಳ ತಳಮಳ ಎಂಬರ್ಥದ ಮಾತನ್ನು ರೋಚಕ ಚಿತ್ರಗಳ ನಿರ್ದೇಶಕ ಹಿಚ್‌ಕಾಕ್ ಫ್ರೆಂಚ್ ನಿರ್ದೇಶಕ ತ್ರುಫೋಗೆ ಹೇಳಿದ್ದ. ಸಾಲಪತ್ರದ ಗುಟ್ಟನ್ನು ನಡುವಿನಲ್ಲೇ ಪ್ರೇಕ್ಷಕರಿಗೆ ಬಿಟ್ಟುಕೊಟ್ಟರೆ, ಪೊಲೀಸರು ಸೋದರಳಿಯನ ಕಪಾಟು ತೆರೆಯುವ ದೃಶ್ಯ ತಾನಾಗಿಯೇ ಬಿಗಿಯಾಗುತ್ತದೆ.

ಮುಂದಿನ ಕರಡನ್ನು ಕಳುಹಿಸುವಾಗ ಕೊನೆಯ ಹತ್ತು ಪುಟಗಳನ್ನು ನಿನ್ನಲ್ಲೇ ಇಟ್ಟುಕೋ. ಉಳಿದದ್ದನ್ನು ಓದಿ ನನ್ನ ಊಹೆಯನ್ನು ಕಾರಣಗಳ ಸಮೇತ ಬರೆದು ಕಳುಹಿಸುತ್ತೇನೆ. ಊಹೆ ತಪ್ಪಾಗಿದ್ದು, ಕಾರಣಗಳೆಲ್ಲವೂ ನೀನು ಬೇಕೆಂದೇ ಇಟ್ಟವುಗಳಾಗಿದ್ದರೆ, ಧೈರ್ಯವಾಗಿ ಚಿತ್ರೀಕರಣದ ಸಿದ್ಧತೆ ಮಾಡಿಕೋ.

ಇಂತಿ ನಿನ್ನ,
ಗೆಳೆಯ