ದೀಪೋತ್ಸವದ ಮರುದಿನ ಬೆಳಿಗ್ಗೆ

ಮಾನ್ಯ ಸಂಪಾದಕರೇ,

ಶಿರಸಿಯ ಮಾರಿಕಾಂಬೆ ಜಾತ್ರೆ ಎರಡು ವರ್ಷಕ್ಕೊಮ್ಮೆ. ಮನೆಯ ದೇವರ ದೀಪ ದಿನಕ್ಕೆ ಎರಡು ಹೊತ್ತು. ಜಾತ್ರೆಗೆಂದು ಬೆಂಗಳೂರಿನಿಂದ ರಜೆ ಹಾಕಿ ಬರುವವರೂ ದೀಪದ ಮಾತು ಬಂದರೆ ‘ಪುರುಸೊತ್ತಿಲ್ಲ’ ಎನ್ನುತ್ತಾರೆ. ಆದರೆ ನಿತ್ಯಪೂಜೆ ನಿಲ್ಲುವುದು ಪುರುಸೊತ್ತಿಲ್ಲದೆ ಅಲ್ಲ. ಒಂದು ದಿನ ತಪ್ಪಿತು, ಇನ್ನೇನು ಎಂದು ಕೈಬಿಡುವುದರಿಂದ. ಸೂತಕಕ್ಕೆಂದು ಹತ್ತು ದಿನ ಮುಚ್ಚಿದ ದೇವರಕೋಣೆ ಶುದ್ಧವಾದ ಮೇಲೂ ತೆರೆಯದ ಮನೆಗಳಿವೆ.

ಹಿರಿಯರಿಗೆ ಇದು ಗೊತ್ತಿತ್ತು. ಉಪನಯನವಾದವರು ಮಾಡುವ ಸಂಧ್ಯಾವಂದನೆಯಲ್ಲಿ ಸೂರ್ಯನಿಗೆ ಬಿಡುವ ಮೂರು ಅರ್ಘ್ಯದ ಮೇಲೆ, ಹೊತ್ತು ಮೀರಿದ್ದಕ್ಕೆ ಪ್ರಾಯಶ್ಚಿತ್ತವೆಂದು ನಾಲ್ಕನೆಯದನ್ನೂ ಇಟ್ಟರು. ಗಾಯತ್ರಿ ಜಪ 108 ಆಗದಿದ್ದರೆ 28, ಅದೂ ಆಗದಿದ್ದರೆ 10. ಉಪನಯನವಿಲ್ಲದವರಿಗೂ ಈ ಲೆಕ್ಕ ಸಲ್ಲುತ್ತದೆ: ಸಹಸ್ರನಾಮ ಆಗದ ದಿನ ದೀಪ ಹಚ್ಚಿ ಕೈಮುಗಿದರೂ ಆ ದಿನ ಖಾಲಿ ಹೋಗಲಿಲ್ಲ.

ದೀಪಕ್ಕೂ ಅದರದೇ ತಕರಾರುಗಳಿವೆ. ಮಳೆಗಾಲದಲ್ಲಿ ಹತ್ತಿ ಥಂಡಿ ಹಿಡಿದು ಬತ್ತಿ ಚಟಚಟ ಎನ್ನುತ್ತದೆ. ಹೊಸೆದ ಬತ್ತಿಯನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿಡಬೇಕು. ತುದಿ ಭತ್ತದ ಕಾಳಿನಷ್ಟು ಹೊರಗಿದ್ದರೆ ಸಾಕು. ಉದ್ದವಾದರೆ ಉರಿಯುವುದಕ್ಕಿಂತ ಹೆಚ್ಚು ಎಣ್ಣೆ ಎಳೆದು ಗೋಡೆಗೆಲ್ಲ ಮಸಿ. ತೆಂಗಿನೆಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಕಾರವಾರ, ಕುಮಟಾದವರಿಗೆ ಇದು ಅಷ್ಟಾಗಿ ತಟ್ಟದು. ಘಟ್ಟದ ಮೇಲೆ ಚಳಿಗಾಲದ ಬೆಳಗ್ಗೆ ದೀಪ ಆರಿದರೆ ಅಪಶಕುನವೆಂದು ಹೆದರಬೇಕಿಲ್ಲ, ಎಳ್ಳೆಣ್ಣೆ ಹಾಕಿದರಾಯಿತು. ಹಿತ್ತಾಳೆಯ ಜಿಡ್ಡಿಗೆ ಬೂದಿ, ಕಿಲುಬಿಗೆ ಹುಣಸೆಹುಳಿ.

ಈಗ ಕಾರ್ತಿಕದ ಮಾತು. ಊರೂರ ದೇವಸ್ಥಾನದಲ್ಲಿ ದೀಪೋತ್ಸವ. ಹೊಸ ಮಣ್ಣಿನ ಹಣತೆಯನ್ನು ಹಿಂದಿನ ರಾತ್ರಿಯೇ ನೀರಿನಲ್ಲಿ ನೆನೆಸಿ, ಬೆಳಿಗ್ಗೆ ಆರಿಸಿಕೊಳ್ಳಬೇಕು. ಇಲ್ಲವಾದರೆ ಮಣ್ಣೇ ಎಣ್ಣೆ ಕುಡಿದು, ಪೂಜೆ ಮುಗಿಯುವ ಮೊದಲೇ ಬತ್ತಿ ಕರಟುತ್ತದೆ.

ಹಚ್ಚುವುದಕ್ಕೆ ನೂರು ಕೈ. ಮರುದಿನ ಮೆಟ್ಟಿಲ ತುಂಬ ಚೆಲ್ಲಿದ ಎಣ್ಣೆ, ಒಡೆದ ಹಣತೆ, ಕರಿಬತ್ತಿ. ಆಗ ಇರುವವರು ಅರ್ಚಕರ ಮನೆಯವರು ಮಾತ್ರ. ಅವಸರಕ್ಕೆ ಕೊಡಪಾನ ನೀರು ಸುರಿದುಬಿಟ್ಟರೆ ಎಣ್ಣೆ ಇನ್ನಷ್ಟು ಹರಡಿ, ದರ್ಶನಕ್ಕೆ ಬಂದ ಅಜ್ಜಿ ಜಾರುವುದು ಅಲ್ಲೇ. ಮೊದಲು ಉಮಿಯನ್ನೋ ಗರಗಸದ ಹುಡಿಯನ್ನೋ ಹರಡಿ, ಎಣ್ಣೆ ಹೀರಿಕೊಳ್ಳಲು ಅರ್ಧ ತಾಸು ಬಿಟ್ಟು ಗುಡಿಸಬೇಕು. ಆಮೇಲೆ ಬಿಸಿನೀರು, ಅಂಟುವಾಳದ ನೊರೆ, ಕಡ್ಡಿ ಹಿಡಿಯಿಂದ (ಪೊರಕೆಯಿಂದ) ಉಜ್ಜು. ಎಣ್ಣೆ ಹೀರಿದ ಹುಡಿ ಬಚ್ಚಲ ಒಲೆಗೆ ಚೆನ್ನಾಗಿ ಉರಿಯುತ್ತದೆ, ಬಿಸಾಡಬೇಡಿ.

ದೇವಸ್ಥಾನದ ಸಮಿತಿಗಳಲ್ಲಿ ಒಂದು ಕೋರಿಕೆ. ದೀಪೋತ್ಸವದ ಸೇವಾಚೀಟಿ ಬರೆಯುವ ಪುಸ್ತಕದಲ್ಲೇ ಇನ್ನೊಂದು ಹಾಳೆ ತೆರೆಯಿರಿ. ಮರುದಿನ ಬೆಳಿಗ್ಗೆ 6 ಗಂಟೆಗೆ ಹಿಡಿ ಹಿಡಿದು ಬರುವವರ ಹೆಸರು ಅದರಲ್ಲಿರಲಿ. ಅದಕ್ಕೆ ಶುಲ್ಕ ಬೇಡ.

— ದೀಪಸೇವೆಯ ಕೆಲವು ಗೆಳೆಯರು, ಶಿರಸಿ